‘ಎಷ್ಟು ಬ್ಲಾಕ್?’ ಅಂತ ಮಾತ್ರ ಕೇಳಬೇಡಿ: ಹಾರ್ಟ್ ಅಟ್ಯಾಕ್ ಆದ ಮೇಲೆ ಡಿಸ್ಚಾರ್ಜ್ ಸಮ್ಮರಿ ಓದುವುದು ಹೇಗೆ

ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಯ್ತು ಅಂತ ಗೊತ್ತಾದರೆ ನಮ್ಮ ಮೈಸೂರು, ಮಂಡ್ಯ ಕಡೆ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಬ್ಲಾಕ್ ಅಂತೆ?’. ಎರಡನೆಯದು ‘ಎಷ್ಟು ಪರ್ಸೆಂಟ್?’. ಮೂರು ಬ್ಲಾಕ್ ಅಂದರೆ ಆ ಕಡೆಯಿಂದ ಒಂದು ‘ಅಯ್ಯೋ’. ಒಂದೇ ಅಂದರೆ ‘ಸದ್ಯ, ಒಂದೇ ಅಲ್ವಾ’ ಅಂತ ಸಮಾಧಾನ. ಈ ಲೆಕ್ಕ ಅರ್ಧ ಮಾತ್ರ ಸರಿ.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಪಾಂಡವಪುರದ 62 ವರ್ಷದವರು. ಎದೆ ಹಿಡಿದುಕೊಂಡ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಹೋದರು, ಆಂಜಿಯೋಗ್ರಾಂನಲ್ಲಿ (ನಾಳಗಳಿಗೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ) ಮೂರು ರಕ್ತನಾಳದಲ್ಲೂ ಬ್ಲಾಕ್ ಸಿಕ್ಕಿತು, ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್, ಅಂದರೆ ಹೃದಯ ರಕ್ತ ತಳ್ಳುವ ಅಳತೆ, 55. ಇನ್ನೊಬ್ಬರು ಶ್ರೀರಂಗಪಟ್ಟಣದ 48 ವರ್ಷದವರು. ರಾತ್ರಿಯೆಲ್ಲ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು, ಸೋಡಾ ಕುಡಿದು ಮಲಗಿ ಮಾರನೇ ದಿನ ಮಧ್ಯಾಹ್ನ ಹೋದರು. ಬ್ಲಾಕ್ ಒಂದೇ, ಆದರೆ ಪಂಪಿಂಗ್ 30. ಬೇರೆಲ್ಲ ಒಂದೇ ಥರ ಇದ್ದರೆ, ಮುಂದಿನ ವರ್ಷಗಳ ಬಗ್ಗೆ ಡಾಕ್ಟರಿಗೆ ಜಾಸ್ತಿ ಚಿಂತೆ ಆಗುವುದು ಎರಡನೆಯವರದ್ದು. ನೆಂಟರು ‘ಒಂದೇ ಅಲ್ವಾ’ ಅಂದದ್ದೂ ಅವರಿಗೇ.

ನಾನು ಡಾಕ್ಟರ್ ಅಲ್ಲ. ಮನೆಯ ಹಿರಿಯರ ಫೈಲುಗಳನ್ನು ಹಿಡಿದುಕೊಂಡು ಓಪಿಡಿ ಸಾಲಿನಲ್ಲಿ ಕೂತು, ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆ ಏನು ಅಂತ ನಿರ್ಧರಿಸುವವರು ಡಾಕ್ಟರುಗಳು. ಸರಿಯಾದ ಪ್ರಶ್ನೆ ಕೇಳುವುದು ಮಾತ್ರ ನಮ್ಮ ಕೆಲಸ, ಯಾಕೆಂದರೆ ಓಪಿಡಿಯಲ್ಲಿ ಸಿಗುವುದು ಐದೇ ನಿಮಿಷ.

ಮೊದಲು ಹುಡುಕಬೇಕಾದ್ದು ಪಂಪಿಂಗ್

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ತಕ್ಷಣ ಎಕೋ ರಿಪೋರ್ಟ್ ಭಾಗಕ್ಕೆ ಹೋಗಿ. ಅಲ್ಲಿ ‘ಎಲ್‌ವಿಇಎಫ್’ ಅಥವಾ ಬರೀ ‘ಇಎಫ್’ ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ನರ್ಸ್‌ಗಳು ‘ಪಂಪಿಂಗ್’ ಅನ್ನುವುದು ಇದನ್ನೇ. ಹೃದಯದ ಎಡಗಡೆ ಕೆಳ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನುವ ಅಳತೆ.

ಇಲ್ಲಿ ಎಲ್ಲರೂ ಹೆದರುವುದು ಒಂದೇ ಕಾರಣಕ್ಕೆ. 45 ಅಂತ ನೋಡಿದ ಕೂಡಲೇ ‘100ಕ್ಕೆ 45, ಅರ್ಧ ಹೃದಯ ಹೋಯ್ತು’ ಅಂತ ಲೆಕ್ಕ ಹಾಕುತ್ತಾರೆ. ಹಾಗಲ್ಲ. ಯಾವ ಆರೋಗ್ಯವಂತರ ಹೃದಯವೂ 100 ಪಂಪ್ ಮಾಡುವುದಿಲ್ಲ. 55ರ ಆಸುಪಾಸಿನಿಂದ 70ರವರೆಗೆ ಇದ್ದರೆ ಸಹಜ. 40ರ ಮೇಲೆ, 50ರ ಒಳಗೆ ಇದ್ದರೆ ಸ್ವಲ್ಪ ಕಮ್ಮಿ. 40 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಹಾರ್ಟ್ ಫೇಲ್ಯೂರ್‌ಗೆ (ಹೃದಯ ನಿಲ್ಲುವುದಲ್ಲ, ಸರಿಯಾಗಿ ಪಂಪ್ ಮಾಡಲಾಗದ ಸ್ಥಿತಿ) ಕೊಡುವ ಮಾತ್ರೆಗಳು ಶುರುವಾಗುತ್ತವೆ. 35 ಅಥವಾ ಅದಕ್ಕಿಂತ ಕಮ್ಮಿ ಅಂದರೆ ಗಂಭೀರ. ಅಂಥವರಿಗೆ ಹೃದಯದ ಬಡಿತ ದಿಢೀರ್ ಅಂತ ತಪ್ಪಿ ಸಾವು ಬರುವ ಅಪಾಯ ಜಾಸ್ತಿ.

ಆದರೆ ಆಸ್ಪತ್ರೆಯಲ್ಲಿ ಇರುವಾಗ ಮಾಡಿದ ಎಕೋದ ಅಂಕಿಯೇ ಕೊನೆಯಲ್ಲ, ಇದು ತುಂಬಾ ಮುಖ್ಯ. ಅಟ್ಯಾಕ್ ಆದಾಗ ಹೃದಯದ ಮಾಂಸದ ಒಂದಷ್ಟು ಭಾಗ ಸತ್ತಿರುತ್ತದೆ, ಇನ್ನೊಂದಷ್ಟು ಭಾಗ ಸತ್ತಿರುವುದಿಲ್ಲ, ಸುಮ್ನೆ ಕೆಲಸ ನಿಲ್ಲಿಸಿ ಮರಗಟ್ಟಿರುತ್ತದೆ. ರಕ್ತ ಸರಿಯಾಗಿ ಸಿಕ್ಕರೆ ಈ ಭಾಗ ಕೆಲವು ವಾರಗಳಲ್ಲಿ ಮತ್ತೆ ಚೇತರಿಸಿಕೊಳ್ಳಬಹುದು. ಹಾಗಾಗಿ ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ ಇನ್ನೊಂದು ಎಕೋ ಮಾಡಿಸಬೇಕು. 35 ಇದ್ದದ್ದು 45 ಆದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಏರದೇ 35ರಲ್ಲೇ ಉಳಿದರೆ ‘ಐಸಿಡಿ’ ಅನ್ನುವ, ಬಡಿತ ತಪ್ಪಿದಾಗ ಒಳಗಿಂದಲೇ ಶಾಕ್ ಕೊಡುವ ಯಂತ್ರ ಬೇಕಾ ಅಂತ ಚರ್ಚೆ ಬರುತ್ತದೆ. ಅದನ್ನು ಸಾಮಾನ್ಯವಾಗಿ ತಕ್ಷಣ ಹಾಕುವುದಿಲ್ಲ. ಅಟ್ಯಾಕ್ ಆಗಿ ಕನಿಷ್ಠ 40 ದಿನ, ಸ್ಟಂಟ್ (ನಾಳ ತೆರೆದಿಡಲು ಒಳಗೆ ಹಾಕುವ ಸಣ್ಣ ಬಲೆ ಕೊಳವೆ) ಅಥವಾ ಬೈಪಾಸ್ ಆಪರೇಷನ್ ಆಗಿದ್ದರೆ ಸುಮಾರು 3 ತಿಂಗಳು, ಮಾತ್ರೆ ಕೊಟ್ಟು ಕಾದು ನೋಡುತ್ತಾರೆ.

ನಮ್ಮ ಜನ ತಪ್ಪಿಸುವುದು ಈ ಎರಡನೇ ಎಕೋವನ್ನೇ. ಮನೆಗೆ ಬಂದು ಓಡಾಡಿಕೊಂಡು ಇದ್ದಾರೆ, ನಾಟಿ ಕೆಲಸ ಇದೆ, ಮದುವೆ ಇದೆ, ಆಮೇಲೆ ನೋಡಿದರಾಯಿತು ಅಂತ. 2025ರ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಉದ್ದಕ್ಕೆ ಸಾಲು ನಿಂತಿತ್ತು. ಏನೂ ತೊಂದರೆ ಇಲ್ಲದವರು ಭಯಕ್ಕೆ ಸಾಲು ನಿಲ್ಲುತ್ತೇವೆ, ಅಟ್ಯಾಕ್ ಆದವರನ್ನು ಫಾಲೋಅಪ್‌ಗೆ ಕರೆದುಕೊಂಡು ಹೋಗಲು ಮಾತ್ರ ಪುರುಸೊತ್ತು ಇರುವುದಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಕೋದಲ್ಲೇ ಇನ್ನೆರಡು ವಿಷಯ ನೋಡಿ. ‘ಎಂಆರ್’ ಅಂತ ಇದ್ದರೆ ಕವಾಟ ಸೋರುತ್ತಿದೆ ಅಂತ. ಸ್ವಲ್ಪ ಸೋರಿದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ‘ಸಿವಿಯರ್’ ಅಂತ ಇದ್ದರೆ ಕೇಳಲೇಬೇಕು. ‘ಎಲ್‌ವಿ ಕ್ಲಾಟ್’ ಅಂತ ಇದ್ದರೆ ಹೃದಯದ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ. ಅದು ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಅದಕ್ಕೆ ಕೆಲವು ತಿಂಗಳು ಬೇರೆಯದೇ ಮಾತ್ರೆ ಇರುತ್ತದೆ. ಆ ಮಾತ್ರೆ ಯಾವುದು, ಯಾವಾಗ ನಿಲ್ಲಿಸಬೇಕು ಅಂತ ಬರೆಸಿಕೊಂಡೇ ಬನ್ನಿ.

ಈಗ ಬ್ಲಾಕ್ ವಿಷಯ

ಹೃದಯಕ್ಕೆ ರಕ್ತ ಕೊಡುವ ಮುಖ್ಯ ನಾಳಗಳು ಮೂರು. ಎಡಗಡೆ ‘ಲೆಫ್ಟ್ ಮೇನ್’ ಅಂತ ಒಂದು ಗಿಡ್ಡ ಕಾಂಡ ಹೊರಟು ಎರಡಾಗಿ ಒಡೆಯುತ್ತದೆ: ಮುಂಭಾಗಕ್ಕೆ ಹೋಗುವ ಎಲ್‌ಎಡಿ, ಹಿಂದಕ್ಕೆ ಸುತ್ತುವ ಎಲ್‌ಸಿಎಕ್ಸ್. ಬಲಗಡೆಯದು ಆರ್‌ಸಿಎ. ರಿಪೋರ್ಟ್‌ನಲ್ಲಿ ‘ಎಸ್‌ವಿಡಿ’ ಅಂದರೆ ಒಂದು ನಾಳದಲ್ಲಿ ಬ್ಲಾಕ್, ‘ಡಿವಿಡಿ’ ಅಂದರೆ ಎರಡರಲ್ಲಿ, ‘ಟಿವಿಡಿ’ ಅಂದರೆ ಮೂರರಲ್ಲೂ. ಒಂದೇ ನಾಳದಲ್ಲಿ ಮೂರು ಕಡೆ ಬ್ಲಾಕ್ ಇದ್ದರೂ ಅದು ಎಸ್‌ವಿಡಿಯೇ. ‘ಮೂರು ಬ್ಲಾಕ್’ ಅಂತ ಯಾರಾದರೂ ಹೇಳಿದರೆ ಅದು ಯಾವ ಥರದ ಮೂರು ಅಂತ ಕೇಳಬೇಕು.

ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ದೊಡ್ಡದು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ವಿ.ಸಿ. ನಾಲೆಯ ತಲೆಯಲ್ಲೇ ನೀರು ನಿಂತರೆ ಕೆಳಗಿನ ಊರೆಲ್ಲ ಒಣಗುತ್ತದೆ, ಕೊನೆಯ ಉಪನಾಲೆ ಕಟ್ಟಿಕೊಂಡರೆ ನಾಲ್ಕು ಗದ್ದೆಗೆ ಮಾತ್ರ ತೊಂದರೆ. ಎಲ್‌ಎಡಿಯ ಶುರುವಿನ ಭಾಗಕ್ಕೆ ರಿಪೋರ್ಟ್‌ನಲ್ಲಿ ‘ಪ್ರಾಕ್ಸಿಮಲ್’ ಅಂತ ಬರೆದಿರುತ್ತಾರೆ, ಕೊನೆಯ ಭಾಗಕ್ಕೆ ‘ಡಿಸ್ಟಲ್’ ಅಂತ. ಪ್ರಾಕ್ಸಿಮಲ್ ಎಲ್‌ಎಡಿ ಮುಚ್ಚಿದರೆ ಎಡ ಕೋಣೆಯ ದೊಡ್ಡ ಭಾಗಕ್ಕೇ ಏಟು. ಲೆಫ್ಟ್ ಮೇನ್ ಅಂದರೆ ಇನ್ನೂ ಗಂಭೀರ. ಬೇರೆ ಕಡೆ 70 ಪರ್ಸೆಂಟ್ ಮೇಲಿದ್ದರೆ ದೊಡ್ಡ ಬ್ಲಾಕ್ ಅಂತ ಲೆಕ್ಕ, ಲೆಫ್ಟ್ ಮೇನ್‌ನಲ್ಲಿ 50 ಇದ್ದರೂ ಸಾಕು. ಇದೇ ಕಾರಣಕ್ಕೆ ಇಸಿಜಿ ಜಾಗದಲ್ಲಿ ‘ಎಡಬ್ಲ್ಯೂಎಂಐ’, ಅಂದರೆ ಹೃದಯದ ಮುಂಗೋಡೆಯ ಅಟ್ಯಾಕ್ ಅಂತ ಇದ್ದರೆ, ‘ಐಡಬ್ಲ್ಯೂಎಂಐ’ ಅನ್ನುವ ಕೆಳಗೋಡೆಯದಕ್ಕಿಂತ ಸಾಮಾನ್ಯವಾಗಿ ನಷ್ಟ ಜಾಸ್ತಿ ಆಗಿರುತ್ತದೆ.

ಇನ್ನು ಪರ್ಸೆಂಟ್. 70 ಪರ್ಸೆಂಟ್ ಬ್ಲಾಕ್ ಅಂದರೆ ನಾಳದ ಅಗಲದಲ್ಲಿ 70 ಭಾಗ ಕಮ್ಮಿಯಾಗಿದೆ ಅಂತ, ರಕ್ತ ಹರಿಯುವ ಜಾಗ ಲೆಕ್ಕ ಹಾಕಿದರೆ ಸುಮಾರು 90 ಭಾಗ ಮುಚ್ಚಿದೆ. ಈ ಅಂಕಿಯನ್ನು ಬಹಳ ಸಲ ಕಣ್ಣಳತೆಯಲ್ಲೇ ಹೇಳುತ್ತಾರೆ. ಒಂದೇ ಆಂಜಿಯೋಗ್ರಾಂ ಸಿಡಿ ನೋಡಿ ಒಬ್ಬ ಡಾಕ್ಟರ್ 60 ಅಂದು ಇನ್ನೊಬ್ಬರು 70 ಅಂದರೆ ಯಾರೋ ಮೋಸ ಮಾಡುತ್ತಿದ್ದಾರೆ ಅಂತ ಅನುಮಾನ ಪಡಬೇಡಿ. ನಡುವಿನ ಬ್ಲಾಕ್‌ಗಳಲ್ಲಿ ಗೊಂದಲ ಇದ್ದರೆ ‘ಎಫ್‌ಎಫ್‌ಆರ್’ ಅಂತ ಒತ್ತಡ ಅಳೆಯುವ ಪರೀಕ್ಷೆ ಇದೆ. 0.80 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಆ ಬ್ಲಾಕ್ ನಿಜವಾಗಿಯೂ ರಕ್ತ ತಡೆಯುತ್ತಿದೆ ಅಂತ.

ಇನ್ನೊಂದು ವಿಚಿತ್ರ. ಎಷ್ಟೋ ಅಟ್ಯಾಕ್‌ಗಳು ಶುರುವಾಗುವುದು 50, 60 ಪರ್ಸೆಂಟ್ ಕೂಡ ಇರದ ಬ್ಲಾಕ್‌ನಿಂದ. ನಾಳದ ಗೋಡೆಯೊಳಗೆ ಕೊಬ್ಬು ಕೂತಿರುತ್ತದೆ, ಅದರ ಮೇಲಿನ ತೆಳು ಪೊರೆ ಒಡೆಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಹೋದ ತಿಂಗಳು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಇಸಿಜಿ) ನಾರ್ಮಲ್ ಬಂದವರಿಗೂ ಅಟ್ಯಾಕ್ ಆಗುವುದು ಹೀಗೆ. ಸ್ಟಂಟ್ ಹಾಕಿಸಿಕೊಂಡವರು ‘ನನ್ನ ಬ್ಲಾಕ್ ಹೋಯ್ತು’ ಅಂತ ಆರಾಮಾಗಿ ಇರಬಾರದು ಅನ್ನುವುದಕ್ಕೂ ಇದೇ ಕಾರಣ. ಸ್ಟಂಟ್ ರಿಪೇರಿ ಮಾಡುವುದು ಒಂದು ಜಾಗವನ್ನು. ಕಾಯಿಲೆ ಇರುವುದು ಎಲ್ಲ ನಾಳಗಳ ಗೋಡೆಯಲ್ಲಿ. ಆ ಕಾಯಿಲೆಗೆ ಚಿಕಿತ್ಸೆ ಮಾತ್ರೆ.

ಉಳಿದ ಬ್ಲಾಕ್‌ಗಳನ್ನು ಏನು ಮಾಡಬೇಕು?

ಅಟ್ಯಾಕ್‌ಗೆ ಕಾರಣವಾದ ನಾಳವನ್ನು ‘ಕಲ್ಪ್ರಿಟ್’ ಅನ್ನುತ್ತಾರೆ. ಮೊದಲು ಅದನ್ನು ಬಿಡಿಸುತ್ತಾರೆ. ಬೇರೆ ನಾಳದಲ್ಲೂ ದೊಡ್ಡ ಬ್ಲಾಕ್ ಇದ್ದರೆ ಅದನ್ನೂ ಕೆಲವು ವಾರದೊಳಗೆ ಸರಿಮಾಡುವುದು ದೊಡ್ಡ ಅಟ್ಯಾಕ್ ಆದವರಿಗೆ ಒಳ್ಳೆಯದು ಅಂತ 2019ರಲ್ಲಿ ಬಂದ ‘ಕಂಪ್ಲೀಟ್’ ಅಧ್ಯಯನ ತೋರಿಸಿತು. ಅವರಲ್ಲಿ ಮತ್ತೆ ಅಟ್ಯಾಕ್ ಆಗುವುದು ಕಮ್ಮಿಯಾಯಿತು. ಹಾಗಾಗಿ ‘ಇನ್ನೊಂದು ಸ್ಟಂಟ್ ಮುಂದಿನ ತಿಂಗಳು’ ಅಂತ ಡಾಕ್ಟರ್ ಹೇಳಿದರೆ ಅದು ದುಡ್ಡು ಕೀಳುವ ಉಪಾಯ ಅಂತ ಅಂದುಕೊಳ್ಳಬೇಕಿಲ್ಲ. ಆದರೆ ಅಟ್ಯಾಕ್ ಆಗದೇ, ಚೆಕಪ್‌ನಲ್ಲಿ ಬ್ಲಾಕ್ ಸಿಕ್ಕ, ಆರಾಮಾಗಿ ಇರುವವರ ಕಥೆ ಬೇರೆ. ಅಂಥವರಲ್ಲಿ ಸ್ಟಂಟ್ ಹಾಕಿದ ಮಾತ್ರಕ್ಕೆ ಸಾವು ಕಮ್ಮಿಯಾಗಲಿಲ್ಲ ಅಂತ 2007ರ ‘ಕರೇಜ್’, 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನಗಳು ಹೇಳಿವೆ. ಎದೆನೋವು ಕಮ್ಮಿಯಾಗುತ್ತದೆ, ಅದೂ ಲಾಭವೇ. ಅವರಿಗೆ ಕೇಳಿ ಯೋಚಿಸಲು ಸಮಯ ಇರುತ್ತದೆ. ಅಟ್ಯಾಕ್ ಆಗುತ್ತಿರುವಾಗ ಆ ಸಮಯ ಇಲ್ಲ, ಆಗ ಸೆಕೆಂಡ್ ಒಪಿನಿಯನ್ ಅಂತ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಹೃದಯವನ್ನು ಕೈಯಾರೆ ಕಳೆದುಕೊಂಡ ಹಾಗೆ.

ಸ್ಟಂಟಾ, ಬೈಪಾಸಾ? ಮೂರು ನಾಳದಲ್ಲೂ ಕಾಯಿಲೆ ಇದ್ದು ಜೊತೆಗೆ ಶುಗರ್ ಇದ್ದರೆ ಬೈಪಾಸ್ ಕಡೆ ತೂಕ ಜಾಸ್ತಿ. ‘ಸಿಂಟ್ಯಾಕ್ಸ್ ಸ್ಕೋರ್’ ಅಂತ ಒಂದು ಲೆಕ್ಕ ಇದೆ, ಬ್ಲಾಕ್‌ಗಳು ಎಷ್ಟು ಜಟಿಲ ಅಂತ ಅಂಕಿಯಲ್ಲಿ ಹೇಳುತ್ತದೆ. 22ರವರೆಗೆ ಕಮ್ಮಿ, 33 ಅಥವಾ ಮೇಲೆ ಇದ್ದರೆ ಜಾಸ್ತಿ. ‘ಸರ್, ಸಿಂಟ್ಯಾಕ್ಸ್ ಸ್ಕೋರ್ ಎಷ್ಟಿದೆ?’ ಅಂತ ವಿನಯವಾಗಿಯೇ ಕೇಳಿ ನೋಡಿ. ಎಷ್ಟೋ ಸಲ ಅಲ್ಲಿಂದ ಮಾತಿನ ಧಾಟಿಯೇ ಬದಲಾಗುತ್ತದೆ.

ಸ್ಟಂಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಅಥವಾ ಕಾರ್ಡ್ ಫೈಲ್‌ನಲ್ಲಿ ಇದೆಯಾ ನೋಡಿ. 2017ರ ಫೆಬ್ರವರಿಯಿಂದ ಸ್ಟಂಟ್ ಬೆಲೆಗೆ ಕೇಂದ್ರ ಸರ್ಕಾರದ ಮಿತಿ ಇದೆ, ಬಿಲ್‌ನಲ್ಲಿ ಅದನ್ನು ಬೇರೆಯಾಗಿ ತೋರಿಸಬೇಕು.

ಆಸ್ಪತ್ರೆಗೆ ಬಂದಾಗ ಹೇಗಿದ್ದರು?

ಇದನ್ನು ಯಾರೂ ಓದುವುದಿಲ್ಲ, ಆದರೆ ಇದರಲ್ಲಿ ಬಹಳ ಇದೆ. ‘ಕಿಲ್ಲಿಪ್ ಕ್ಲಾಸ್’ ಅಂತ ಹುಡುಕಿ, 1ರಿಂದ 4ರವರೆಗೆ ಇರುತ್ತದೆ. 1 ಅಂದರೆ ಶ್ವಾಸಕೋಶದಲ್ಲಿ ನೀರಿಲ್ಲ, ಉಸಿರಾಟ ಸರಿ ಇದೆ. 2ರಲ್ಲಿ ಸ್ವಲ್ಪ ನೀರು, 3ರಲ್ಲಿ ಶ್ವಾಸಕೋಶ ತುಂಬಾ ನೀರು. 4 ಅಂದರೆ ಬಿಪಿ ಬಿದ್ದು ಶಾಕ್‌ಗೆ, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಹೋಗಿದ್ದಾರೆ ಅಂತ. ಈ ನಾಲ್ಕನೆಯ ಹಂತದಲ್ಲಿ ಒಳ್ಳೆಯ ಚಿಕಿತ್ಸೆ ಸಿಕ್ಕರೂ ಹತ್ತಿರ ಹತ್ತಿರ ಅರ್ಧದಷ್ಟು ಜನ ಉಳಿಯುವುದಿಲ್ಲ. ಐಸಿಯು ಬಾಗಿಲಲ್ಲಿ ಡಾಕ್ಟರ್ ‘24 ಗಂಟೆ ಏನೂ ಹೇಳೋಕಾಗಲ್ಲ’ ಅಂದಾಗ ಅವರ ಮನಸ್ಸಿನಲ್ಲಿ ಇರುವುದು ಇಂಥ ಲೆಕ್ಕವೇ.

ಡಾಕ್ಟರುಗಳು ಅಪಾಯ ಅಳೆಯಲು ಬಳಸುವ ‘ಗ್ರೇಸ್ ಸ್ಕೋರ್’ನಲ್ಲಿ ಏನೇನು ಇದೆ ಗೊತ್ತಾ? ವಯಸ್ಸು, ನಾಡಿ ಬಡಿತ, ಬಿಪಿ, ಕಿಡ್ನಿಯ ಕ್ರಿಯಾಟಿನಿನ್, ಕಿಲ್ಲಿಪ್ ಕ್ಲಾಸ್, ಬಂದಾಗ ಹೃದಯ ನಿಂತಿತ್ತಾ, ಇಸಿಜಿಯ ಬದಲಾವಣೆ, ಟ್ರೋಪೋನಿನ್ ಥರದ ರಕ್ತ ಪರೀಕ್ಷೆ. ಎಷ್ಟು ಬ್ಲಾಕ್ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಆಂಜಿಯೋಗ್ರಾಂಗೆ ಮೊದಲೇ ಹಾಕುವ ಲೆಕ್ಕ ಅದು, ನಿಜ. ಆದರೂ ಬ್ಲಾಕ್ ಎಣಿಸದೆಯೇ ಅಷ್ಟು ಹೇಳಲು ಆಗುತ್ತದೆ ಅಂದರೆ ಯೋಚಿಸಿ. ಕ್ರಿಯಾಟಿನಿನ್ ಎಷ್ಟಿದೆ ಅಂತ ನೀವೂ ನೋಡಿಟ್ಟುಕೊಳ್ಳಿ, ಶುಗರ್ ಇರುವವರ ಮನೆಯಲ್ಲಂತೂ ಖಂಡಿತ.

ನೋವು ಶುರುವಾಗಿ ಎಷ್ಟು ಹೊತ್ತಿಗೆ ನಾಳ ತೆರೆಯಿತು ಅನ್ನುವುದು ಇಡೀ ಕಥೆಯ ಬುಡ. ಮೊದಲ ಎರಡು ಮೂರು ಗಂಟೆಯಲ್ಲಿ ತೆರೆದರೆ ಹೃದಯದ ಮಾಂಸ ಬಹಳಷ್ಟು ಉಳಿಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ 12 ಗಂಟೆಯವರೆಗೆ ಕೊಡುತ್ತಾರೆ, ಆದರೆ ತಡವಾದಷ್ಟೂ ಫಲ ಕಮ್ಮಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಮೈಸೂರಿಗೇ ಹೋಗೋಣ ಅಂತ ದಾರಿಯಲ್ಲಿ ಸಿಗುವ ತಾಲೂಕು ಆಸ್ಪತ್ರೆ ದಾಟಿ ಹೋಗಬೇಡಿ. ಇಂಜೆಕ್ಷನ್ ಆದ ಮೇಲೆ ಆಂಜಿಯೋಗ್ರಾಂಗೆ ಮೈಸೂರಿಗೆ ಹೋಗುವುದು ಇದ್ದೇ ಇದೆ, ಸಾಮಾನ್ಯವಾಗಿ 24 ಗಂಟೆಯೊಳಗೆ.

ಮನೆಗೆ ಬಂದ ಮೇಲೆ: ಮಾತ್ರೆ, ಮಾತ್ರೆ, ಮಾತ್ರೆ

ಮೊದಲ ತಿಂಗಳು ಅಪಾಯ ಅತಿ ಜಾಸ್ತಿ, ಮೊದಲ ವರ್ಷ ಅದಕ್ಕಿಂತ ಕಮ್ಮಿ, ಆಮೇಲೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಈ ಒಂದು ವರ್ಷದ ಬಹುಪಾಲು ನಮ್ಮ ಕೈಯಲ್ಲಿದೆ.

ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್, ಟಿಕಾಗ್ರೆಲರ್ ಅಥವಾ ಪ್ರಾಸುಗ್ರೆಲ್, ಈ ಎರಡು ಮಾತ್ರೆ ಸಾಮಾನ್ಯವಾಗಿ 12 ತಿಂಗಳು. ಜನ ಇದನ್ನು ‘ರಕ್ತ ತೆಳು ಮಾಡೋ ಮಾತ್ರೆ’ ಅನ್ನುತ್ತಾರೆ. ಹೊಸ ಸ್ಟಂಟ್ ಇರುವಾಗ ಇದನ್ನು ಬಿಟ್ಟರೆ ಸ್ಟಂಟ್ ಒಳಗೇ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಹಲ್ಲು ಕೀಳಿಸಲು ಹೋದಾಗ ಯಾರಾದರೂ ‘ಐದು ದಿನ ನಿಲ್ಲಿಸಿ ಬನ್ನಿ’ ಅಂದರೆ, ಹಾರ್ಟ್ ಡಾಕ್ಟರನ್ನು ಕೇಳದೇ ನಿಲ್ಲಿಸಬೇಡಿ. ಟಿಕಾಗ್ರೆಲರ್ ತಗೊಂಡವರಲ್ಲಿ ಕೆಲವರಿಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆಗಲೂ ಸುಮ್ನೆ ಬಿಡಬೇಡಿ, ಫೋನ್ ಮಾಡಿ, ಬದಲು ಮಾತ್ರೆ ಇದೆ. ಗ್ಯಾಸ್ಟ್ರಿಕ್‌ಗೆ ಅಂತ ಮೆಡಿಕಲ್‌ನಲ್ಲಿ ಒಮೆಪ್ರಜೋಲ್ ತಗೊಂಡರೆ ಕ್ಲೊಪಿಡೊಗ್ರೆಲ್‌ನ ಕೆಲಸ ಕಮ್ಮಿಯಾಗಬಹುದು, ಪ್ಯಾಂಟೊಪ್ರಜೋಲ್ ಕೊಡುವುದು ಅದಕ್ಕೇ. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುವ ಅಜ್ಜಿಯಂದಿರಿಗೆ ಗಟ್ಟಿಯಾಗಿ ಹೇಳಿ, ಅದು ಇನ್ನು ಬೇಡ.

ಕೊಲೆಸ್ಟ್ರಾಲ್ ಮಾತ್ರೆ, ಅಂದರೆ ಅಟೊರ್ವಾಸ್ಟಾಟಿನ್ ಅಥವಾ ರೊಸುವಾಸ್ಟಾಟಿನ್, ಜೀವನಪೂರ್ತಿ. ‘ರಿಪೋರ್ಟ್ ನಾರ್ಮಲ್ ಬಂತು, ನಿಲ್ಲಿಸಿದೆ’ ಅನ್ನುವವರು ಬಹಳ. ನಾರ್ಮಲ್ ಬಂದದ್ದು ಮಾತ್ರೆಯಿಂದ ಸ್ವಾಮಿ. ಅಟ್ಯಾಕ್ ಆದವರಿಗೆ ಲ್ಯಾಬ್ ಕಾಗದದಲ್ಲಿ ಇರುವ ‘ನಾರ್ಮಲ್’ ಲೆಕ್ಕಕ್ಕೆ ಬರುವುದಿಲ್ಲ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 70ರ ಒಳಗೆ, ಸಾಧ್ಯವಾದರೆ 55ರ ಒಳಗೆ ಇರಬೇಕು. ಪಂಪಿಂಗ್ ಕಮ್ಮಿ ಇರುವವರಿಗೆ ಇನ್ನೂ ಮೂರು ನಾಲ್ಕು ಮಾತ್ರೆ ಸೇರುತ್ತವೆ. ‘ಇಷ್ಟೊಂದಾ’ ಅನ್ನಿಸುತ್ತದೆ, ಆದರೆ ಆಯಸ್ಸು ಜಾಸ್ತಿ ಮಾಡುತ್ತವೆ ಅಂತ ಸಾಬೀತಾಗಿರುವುದು ಅವೇ. ಖರ್ಚು ಭಾರವಾದರೆ ಮಾತ್ರೆ ಅರ್ಧ ಮಾಡಬೇಡಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಬೀಡಿ, ಸಿಗರೇಟ್ ಬಿಟ್ಟರೆ ಸಾವಿನ ಅಪಾಯ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಯಾವ ಸ್ಟಂಟ್‌ಗೂ ಕಮ್ಮಿ ಇಲ್ಲದ ಲಾಭ ಇದು, ಕಾಸೂ ಖರ್ಚಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪೇ ಬೆಳೆ, ಬೆಳೆಯುವುದು ಬೇರೆ ಸೇದುವುದು ಬೇರೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುದ್ದೆ, ಸೊಪ್ಪಿನ ಸಾರು, ಕಾಳು ಚೆನ್ನಾಗಿಯೇ ಇವೆ, ಶುಗರ್ ಇದ್ದರೆ ಮುದ್ದೆಯ ಗಾತ್ರ ನೋಡಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಮ್ಮಿ. ಬಾಡೂಟದ ದಿನ ಬೋಟಿ, ತಲೆಕಾಲು ಬಿಟ್ಟು ಎರಡು ತುಂಡು ಕೋಳಿಗೆ ಸುಮ್ಮನಾಗಬೇಕು.

ನಡಿಗೆ ಶುರುಮಾಡುವುದು ಮನೆ ಮುಂದೆ ಐದು ಹತ್ತು ನಿಮಿಷದಿಂದ, ಮಾತಾಡುತ್ತಾ ನಡೆಯುವಷ್ಟು ನಿಧಾನ. ವಾರ ವಾರ ಜಾಸ್ತಿ ಮಾಡುತ್ತಾ ಅರ್ಧ ಗಂಟೆಗೆ ಬಂದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಗೋ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಕ್ಕೋ ಹೋಗಬಹುದು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಇದ್ದರೆ ಈ ವರ್ಷ ಬಸ್ಸಿನಲ್ಲೇ ಹೋಗಲಿ, ತಾಯಿ ಬೇಜಾರು ಮಾಡಿಕೊಳ್ಳುವುದಿಲ್ಲ. ಗಂಡ ಹೆಂಡತಿ ಕೇಳಲು ನಾಚಿಕೊಳ್ಳುವ ಪ್ರಶ್ನೆಗೂ ಉತ್ತರ ಇದೆ: ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೇ ಹತ್ತಲು ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಎದೆನೋವಿಗೆ ಕೊಡುವ ಸೋರ್ಬಿಟ್ರೇಟ್ ಮಾತ್ರೆ ಬಳಸುವವರು ವಯಾಗ್ರ ಥರದ ಮಾತ್ರೆ ಮುಟ್ಟಲೇಬಾರದು, ಬಿಪಿ ಪಾತಾಳಕ್ಕೆ ಹೋಗುತ್ತದೆ.

ಮನಸ್ಸನ್ನೂ ಗಮನಿಸಿ. ಅಟ್ಯಾಕ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಅಪ್ಪ ಮಾತು ಬಿಟ್ಟು, ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗುತ್ತಿದ್ದರೆ ಅದು ‘ರೆಸ್ಟ್’ ಅಲ್ಲ. ಮುಂದಿನ ಸಲ ಡಾಕ್ಟರಿಗೆ ಅದನ್ನೂ ಹೇಳಿ.

ಫಾಲೋಅಪ್‌ಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಪಂಪಿಂಗ್ ಈಗ ಎಷ್ಟು, ಮತ್ತೆ ಎಕೋ ಯಾವಾಗ, ಉಳಿದ ಬ್ಲಾಕ್‌ಗೆ ಏನು ಯೋಚನೆ, ಎರಡು ಮಾತ್ರೆಯಲ್ಲಿ ಒಂದನ್ನು ಯಾವ ತಾರೀಖಿಗೆ ನಿಲ್ಲಿಸಬೇಕು, ಎಲ್‌ಡಿಎಲ್ ಎಷ್ಟಿರಬೇಕು. ಆಂಜಿಯೋಗ್ರಾಂ ಸಿಡಿಯನ್ನೂ ತಗೊಂಡು ಹೋಗಿ. ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವುದು, ಎರಡು ಮೂರು ದಿನದಲ್ಲಿ ಎರಡು ಕೆಜಿ ತೂಕ ಏರಿ ಕಾಲು ಊದುವುದು, ಕಪ್ಪು ಮಲ ಹೋಗುವುದು ಕಂಡರೆ ತಾರೀಖಿಗೆ ಕಾಯದೇ ಅವತ್ತೇ ಹೋಗಿ. ಎದೆ ಹಿಡಿದುಕೊಂಡರೆ ಕೂರಿಸಿ, ಡಾಕ್ಟರ್ ಬರೆದುಕೊಟ್ಟಿದ್ದರೆ ಸೋರ್ಬಿಟ್ರೇಟ್ ನಾಲಿಗೆ ಕೆಳಗೆ ಇಡಿ. ಐದು ನಿಮಿಷದಲ್ಲಿ ಕಮ್ಮಿಯಾಗದಿದ್ದರೆ, ತಲೆ ಸುತ್ತಿದರೆ ಅಥವಾ ಬೆವರು ಕಿತ್ತುಕೊಂಡರೆ 108ಕ್ಕೆ ಫೋನ್ ಮಾಡಿ, ಗಾಡಿ ಓಡಿಸಿಕೊಂಡು ತಾವೇ ಹೋಗಲು ಬಿಡಬೇಡಿ.